ಮೊರದ ಮೇಲಿನ ಆಲ್ಕೋಹಾಲು

ಸರಸ್ವತಿಪುರಂ, ಮೈಸೂರು
ಶುಕ್ರವಾರ, ಜೂನ್ ೫

ಫೋನು ಎತ್ತದ ನನ್ನ ಮೊಮ್ಮಗಳು ಬಿಂದುಶ್ರೀಗೆ, ಅಜ್ಜಿ ಕೆಂಚಮ್ಮ ಮಾಡುವ ಆಶೀರ್ವಾದ.

ನಾನಿಲ್ಲಿ ಚೆನ್ನಾಗಿಲ್ಲ. ಮಂಡಿ ನೋವು, ಕಣ್ಣಿಗೆ ಮಂಜು, ಜಗಳಕ್ಕೆ ಯಾರೂ ಇಲ್ಲ. ನೀನು ಮುನಿಸಿಕೊಂಡು ಸಿದ್ಧಾರ್ಥನಗರದ ಸೋದರತ್ತೆ ಮನೆ ಸೇರಿ ಇವತ್ತಿಗೆ ಒಂಬತ್ತು ದಿನ. ಕಾಗದವನ್ನು ಫೋನಿನ ಹಾಗೆ ಕಟ್ ಮಾಡಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಬ್ಬಾಳದಲ್ಲಿ ಶಿಫ್ಟ್ ಮುಗಿಸಿ ಬರುವ ನಿನ್ನಪ್ಪನ ಕೈಲಿ ಕಳಿಸುತ್ತೇನೆ. ಅಷ್ಟು ಸುತ್ತು ಹಾಕಬೇಕಾ ಅಂತ ಗೊಣಗಿದ. ಗೊಣಗಲಿ.

ಸೋಮವಾರ ನಿನ್ನ ಕೆಮಿಸ್ಟ್ರಿ ಮರುಪರೀಕ್ಷೆ. ಬರೆಯುವುದಿಲ್ಲ, ಡಿಗ್ರಿಯೇ ಬೇಡ ಅಂದೆಯಂತೆ. ಮೂರೇ ಮಾರ್ಕಿನಲ್ಲಿ ಫೇಲಾದೆ, ಆ ಮೂರೂ ನನ್ನಿಂದಲೇ ಹೋದವು ಅನ್ನುವುದು ನಿನ್ನ ದೂರು. "ನಿನ್ ಮಾತು ನೆಪ್ಪಿಟ್ಕಂಡು ಬರ್ದೆ ಕಣಜ್ಜಿ, ಹಾಳಾಗೋದೆ" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಆಟೋ ಹತ್ತಿದೆ.

ಆ ಮಾತು ನನಗೂ ನೆನಪಿದೆ. ಅವರೆಕಾಯಿ ಕಾಲ. ನಾನು ಸುಲಿಯುತ್ತಿದ್ದೆ, ನೀನು ಎಂದಿನಂತೆ ನನಗೆ ಪಾಠ ಒಪ್ಪಿಸುತ್ತಿದ್ದೆ. ಆಲ್ಕೋಹಾಲು ಅಂದರೆ ನಿನ್ನ ತಾತ ಕುಡಿದು ಬರುತ್ತಿದ್ದುದೊಂದೇ ಅಂತ ತಿಳಿದಿದ್ದವಳಿಗೆ ಅದರಲ್ಲಿ ನೂರು ಜಾತಿ ಅಂದೆ. ಮೊರದ ಮೇಲೆ ಒಂದು ಕಾಳಿಟ್ಟು ಇದು ಆಕ್ಸಿಜನ್, ಮಗ್ಗುಲಲ್ಲಿ ಸಾಸಿವೆ ಇಟ್ಟು ಇದು ಹೈಡ್ರೋಜನ್ ಅಂದೆ. ಸಾಸಿವೆಯನ್ನು ಯಾವುದು ಸುಲಭವಾಗಿ ಬಿಟ್ಟುಕೊಡುತ್ತದೋ ಅದೇ ಹೆಚ್ಚು ಆಮ್ಲ. ಆಮ್ಲ ಹೆಚ್ಚಿದಷ್ಟೂ ಅದರ ಪಿಕೆಎ ಅನ್ನುವ ಅಂಕಿ ಕಡಿಮೆ. ಇದೆಂಥ ಕೆಟ್ಟ ಲೆಕ್ಕವೋ! ಆಮೇಲೆ ಆಕ್ಸಿಜನ್ನಿನ ಆಚೆ ಬದಿಗೆ ಒಂದು ಇಂಗಾಲ, ಅದರ ಸುತ್ತ ಮೀಥೈಲು ಅನ್ನುವ ಮೂರು ಗುಂಪು ಕೂರಿಸಿ, ಈಗ ಸಾಸಿವೆ ಬೇಗ ಹೋಗುತ್ತಾ, ನಿಧಾನವಾ ಅಂತ ಕೇಳಿದೆ.

"ಅಷ್ಟು ಜನ ಮೇಲ್ ಬಿದ್ರೆ ಯಾರ್ಗೆ ತಾನೆ ಉಸ್ರಾಡುತ್ತೆ? ಓಡೋಯ್ತದೆ ಬುಡು" ಅಂದೆ ನಾನು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಉಲ್ಟಾ ಕಣಜ್ಜಿ ಅನ್ನಲು ಬಾಯಿ ತೆರೆದವಳು ನಗುವಿನಲ್ಲೇ ಮರೆತೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗ ನಿನಗೆ ಪುಸ್ತಕ ನೆನಪಾಗಲಿಲ್ಲ, ಅಜ್ಜಿ ನೆನಪಾದಳು. ತಪ್ಪು ಅರ್ಧ ನಿನ್ನದು. ಇನ್ನರ್ಧ ನನ್ನದು ಅಂತ ಬರೆಯಲು ಕೈ ಏಳುತ್ತಿಲ್ಲ, ಬರೆದಿದ್ದೇನೆ.

ನಾನು ಯಾಕೆ ಹಾಗಂದೆ ಅಂತ ನಿನಗೆ ಗೊತ್ತು. ಮದುವೆಯಾದ ವರ್ಷ, ಕೈಗೊಬ್ಬಳು ಕಾಲಿಗೊಬ್ಬಳು ಅನ್ನುವಂತೆ ಮೂರು ಜನ ಪುಟ್ಟ ನಾದಿನಿಯರು, ಎಡಗೈ ಸ್ವಾಧೀನವಿಲ್ಲದ ಅತ್ತೆ. ಆಕೆಯ ಕೈಯಲ್ಲಿದ್ದ ಬಲವೆಲ್ಲ ಬಾಯಿಗೆ ಹೋಗಿತ್ತು. ಒಂದು ಬೆಳಗ್ಗೆ ಎರಡು ಸೀರೆ ಗಂಟು ಕಟ್ಟಿಕೊಂಡು ತವರಿಗೆ ಹೊರಟುಬಿಟ್ಟೆ. ಬಸ್ಸು ಬರಲಿಲ್ಲ. ವಾಪಸು ಬಂದು ರಾಗಿ ಬೀಸಿದೆ. ಈ ಕಥೆ ಹೇಳಿದಾಗಲೆಲ್ಲ ನೀವು ನಗುತ್ತೀರಿ. ನಾನೂ ನಗುತ್ತೇನೆ.

ಮೊನ್ನೆ ಎದುರುಮನೆಯ ಟ್ಯುಟೋರಿಯಲ್ ಮೇಷ್ಟ್ರು ಮಹದೇವಪ್ರಸಾದರನ್ನು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ ಆ ಪ್ರಶ್ನೆ ಕೇಳಿದೆ. "ನಿಮಗ್ಯಾಕಮ್ಮ ಇದು, ಈ ವಯಸ್ನಲ್ಲಿ?" ಅಂದರು. "ಮಾರ್ಕು ಕಳ್ದಿರೋಳು ನಾನು ಕಣಪ್ಪ, ಇನ್ಯಾರ್ ಕೇಳ್ಬೇಕು?" ಅಂದೆ. ಪಾಪ, ಬಿಸಿಲಲ್ಲೇ ನಿಂತು ಹೇಳಿದರು.

ನಾನು ಹೊರಡುವ ಸಾಸಿವೆಯನ್ನಷ್ಟೇ ನೋಡುತ್ತಿದ್ದೆ. ಉಳಿಯುವ ಕಾಳಿನ ಪಾಡು ನೋಡಿರಲಿಲ್ಲ. ಹೈಡ್ರೋಜನ್ ಹೋಗುವಾಗ ತನ್ನ ಎಲೆಕ್ಟ್ರಾನಿನ ಹೊರೆಯನ್ನು ಆಕ್ಸಿಜನ್ನಿನ ತಲೆ ಮೇಲೆ ಬಿಟ್ಟು ಹೋಗುತ್ತದಂತೆ. ಮೀಥೈಲುಗಳು ತಮ್ಮದನ್ನೂ ಅದರ ಮೇಲೇ ತಳ್ಳುತ್ತವೆ. ತಡೆಯಲಾರದ ಆಕ್ಸಿಜನ್ ಸಾಸಿವೆಯನ್ನು ಬಿಟ್ಟುಕೊಡದೆ ಅವುಚಿಕೊಳ್ಳುತ್ತದೆ. ಮೀಥೈಲು ಹೆಚ್ಚಾದಷ್ಟೂ ಬಿಗಿ. ಫ್ಲೋರಿನ್ ಬೇರೆ ಥರ, ಹೊರೆಯನ್ನು ತನ್ನ ಕಡೆ ಎಳೆದುಕೊಂಡು ಹಗುರ ಮಾಡುತ್ತದೆ. ಅದೂ ಹತ್ತಿರದಲ್ಲಿದ್ದರೆ ಮಾತ್ರ. ನಾಲ್ಕು ಇಂಗಾಲದಾಚೆ ಕೂತರೆ ಮದುವೆಗೆ ಮಾತ್ರ ಬರುವ ನೆಂಟರ ಹಾಗೆ, ಕೆಲಸಕ್ಕೆ ಬಾರದು. ಎಥನಾಲ್ ಅನ್ನುವ ಆಲ್ಕೋಹಾಲಿನ ಪಿಕೆಎ ಹದಿನಾರು, ಅದಕ್ಕೇ ಮೂರು ಫ್ಲೋರಿನ್ ಕಟ್ಟಿದರೆ ಹನ್ನೆರಡೂವರೆಗೆ ಇಳಿಯುತ್ತದೆ. ನಿನ್ನ ಮೂರು ಮೀಥೈಲಿನದು ಹದಿನೆಂಟರ ಹತ್ತಿರ. ಎಳೆಯುವವರು ಯಾರು, ತಳ್ಳುವವರು ಯಾರು, ಎಷ್ಟು ದೂರ ಕೂತಿದ್ದಾರೆ ಅಂತ ನೋಡಿದರೆ ಅಂಕಿ ಉರು ಹೊಡೆಯದೆ ಅಂದಾಜು ಸಿಗುತ್ತದಂತೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅರ್ಥವಾಯಿತು, ನಿನಗೆ ಆಗುವುದಿಲ್ಲವಾ?

ಸಾಕಾಗಿದೆ ಬಿಂದು. ಬೈಯಲೂ ತ್ರಾಣವಿಲ್ಲ, ಬೇಡಲು ಅಭ್ಯಾಸವಿಲ್ಲ. ಸೋಮವಾರ ಹೋಗಿ ಬರೆದು ಬಾ. ಫೇಲಾದರೂ ಬಾ. ಕಾಗದದ ಜೊತೆ ಕಳಿಸಿರುವ ಡಬ್ಬಿಯಲ್ಲಿ ನುಚ್ಚಿನುಂಡೆ ಇದೆ, ನಿನ್ನತ್ತೆಗೂ ಒಂದು ಕೊಡು. ಡಬ್ಬಿ ನೀನೇ ತಂದುಕೊಡು, ನಿನ್ನಪ್ಪನ ಕೈಲಿ ಕಳಿಸಬೇಡ.

ಇಂತಿ ನಿನ್ನ ಕೈಲಿ ಪಾಠ ಹೇಳಿಸಿಕೊಂಡವಳು,
ಕೆಂಚಮ್ಮ

ಮರೆತಿದ್ದೆ: ಆವತ್ತು ಬಸ್ಸು ಬಂದಿತ್ತು. ನನ್ನ ಮುಂದೆಯೇ ನಿಂತಿತ್ತು. "ಹತ್ತವ್ವಾ, ಹೊತ್ತಾಯ್ತು" ಅಂತ ಕಂಡಕ್ಟರು ಎರಡು ಸಲ ಕೂಗಿದ. ನನಗೆ ಅತ್ತೆಯ ಆ ಒಂದು ಕೈ ಕಣ್ಣಿಗೆ ಬಂತು. ನಾನು ಹತ್ತಿದರೆ ಮೂರು ಹುಡುಗಿಯರ ಹೊರೆಯೂ ಅದೊಂದೇ ಕೈಯ ಮೇಲೆ. ಹೋಗು ಅಂತ ಕೈಬೀಸಿಬಿಟ್ಟೆ. ಐವತ್ತೆರಡು ವರ್ಷ ಬಸ್ಸಿನ ಮೇಲೆ ಸುಳ್ಳು ಹೊರಿಸಿದ್ದೇನೆ. ನಿನ್ನ ಪ್ರಶ್ನೆಗೆ ಸರಿಯುತ್ತರ ನನಗೆ ಗೊತ್ತಿತ್ತು ಕಣೇ, ಬಾಯಿಗೆ ಬರಲಿಲ್ಲ. ನೀನು ಬರೆ.