ಒಂದೇ ಊರು ಎಂದರೆ ಯಾವ ಊರು

ಅಂಗಡಿಯ ಕತ್ತರಿಸುವ ಮೇಜಿನಿಂದ,
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಸಿಸ್ಟರಮ್ಮಾ,

ಆಸ್ಪತ್ರೆಯವರೆಲ್ಲ ನಿನ್ನನ್ನು ಹಾಗೆ ಕರೆಯುವಾಗ ಕಟ್ಟಿಕೊಂಡ ಗಂಡ ಒಬ್ಬನೇ ಯಾಕೆ ಹಿಂದೆ ಬೀಳಲಿ ಎಂದು ತಮಾಷೆಗೆ ಶುರು ಮಾಡಿದ್ದು, ಈಗ ಬಾಯಿಗೆ ಅಂಟಿಕೊಂಡಿದೆ. ನಿನ್ನ ಹಿಮ್ಮಡಿ ನೋವು ಹೇಗಿದೆ? ವಾರ್ಡಿನಲ್ಲಿ ಕೂರಲು ಪುರುಸೊತ್ತಿಲ್ಲ ಎಂಬುದು ಗೊತ್ತು. ಆದರೂ ರೋಗಿಗಳಿಗೆ ಹೇಳುವ ಬುದ್ಧಿಮಾತಿನಲ್ಲಿ ಕಾಲುಭಾಗವನ್ನಾದರೂ ನೀನೇ ಕೇಳಿಸಿಕೋ. ನಾನು ಚೆನ್ನಾಗಿದ್ದೇನೆ. ಹೋದ ವಾರದ ಜ್ವರ ಬಿಟ್ಟಿದೆ. ಪಕ್ಕದ ಇಸ್ತ್ರಿ ಅಂಗಡಿಯವನು ಮಾತ್ರೆ ತಂದುಕೊಟ್ಟ, ಜೊತೆಗೆ ಕೂತು ತನ್ನ ಸಂಸಾರದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದ. ಜ್ವರ ಅದಕ್ಕೆ ಹೆದರಿಯೇ ಓಡಿಹೋಗಿರಬೇಕು.

ಸಂಜೆ ತರಗತಿ ನಡೆಯುತ್ತಿದೆ. ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕು, ಅದರಲ್ಲಿ ವಾದ ಮಾಡುವ ಪ್ರಬಂಧವೊಂದನ್ನು ಬರೆಯಬೇಕು ಎಂದಿದ್ದೆನಲ್ಲ. ಕೋಟು ಹೊಲಿಯುವವನಿಗೆ ಪ್ರಬಂಧ ಯಾಕೆ ಎಂದು ನೀನು ನಕ್ಕಿದ್ದೆ. ನಮಗೊಬ್ಬ ಮಗಳಿದ್ದಿದ್ದರೆ ಇಲ್ಲಿ ಪಾಠ ಮಾಡುವ ಮೇಡಂ ವಯಸ್ಸಿನವಳಾಗಿರುತ್ತಿದ್ದಳು. ಅವರು ಹೇಳಿಕೊಡುವುದು ಇಷ್ಟೇ. ಮೊದಲು ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದನ್ನು ‘ಯಾಕೆ?’ ಎಂದು ಕೇಳಿ. ಬಂದ ಒಂದೊಂದು ಉತ್ತರಕ್ಕೂ ಒಂದೊಂದು ಪ್ಯಾರಾ, ಅದರ ಕೆಳಗೆ ಒಂದು ಪುರಾವೆ. ಆಮೇಲೆ ಎದುರಾಳಿ ಏನನ್ನಬಹುದು, ಅದಕ್ಕೆ ನಮ್ಮ ಉತ್ತರವೇನು. ಇಷ್ಟನ್ನು ಚುಟುಕಾಗಿ ಗುರುತು ಹಾಕಿಕೊಂಡರೆ ಪ್ರಬಂಧದ ಹಂದರ ಸಿದ್ಧ. ಕತ್ತರಿ ಹಾಕುವ ಮುಂಚೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವ ಹಾಗೆ ತಾನೇ, ನನಗೇನು ಹೊಸದೇ ಎಂದುಕೊಂಡೆ.

‘ಗಂಡ ಹೆಂಡತಿ ಬೇರೆ ಬೇರೆ ಊರಿನಲ್ಲಿ ದುಡಿಯುವುದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ’ ಎಂದು ಬರೆದುಕೊಟ್ಟೆ. “ಇದು ನಿಲುವಲ್ಲ ಸಾರ್, ಅಡ್ಡಗೋಡೆ ಮೇಲೆ ದೀಪ” ಎಂದರು ಮೇಡಂ. ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ಅದು ನಿನ್ನ ಮಾತು. ಇನ್ನೊಂದು ವರ್ಷ ಅಲ್ಲೇ ಇದ್ದು ವಾರ್ಡಿನ ಹೊಣೆ ಹೊರುತ್ತೀಯಾ ಎಂದು ನಿನ್ನ ಮೇಲಿನವರು ಕೇಳಿದ ದಿನ ನೀನು ಫೋನ್ ಮಾಡಿ, “ರೀ, ನಾನು ಇರ್ಲೋ, ಬರ್ಲೋ?” ಎಂದೆ. “ನಿಂಗೆ ಹೇಗನ್ಸುತ್ತೋ ಹಾಗೆ ಮಾಡು” ಎಂದೆ ನಾನು. ನೀನು ಮತ್ತೆ ಕೇಳಿದೆ, ನಾನು ಮತ್ತೆ ಅದೇ ಹೇಳಿದೆ. “ಈ ದೀಪ ಇಡೋದು ಯಾವಾಗ ಬಿಡ್ತೀರಿ ನೀವು?” ಎಂದು ನೀನು ಫೋನ್ ಇಟ್ಟುಬಿಟ್ಟೆ. ಇದು ನನ್ನ ಕಸುಬಿನ ಚಾಳಿ ಕಣೇ. ಯಾವ ಕೋಟು ಹೊಲಿದರೂ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತೇನೆ, ನಾಳೆ ಮೈ ಬಂದರೆ ಬಿಚ್ಚಿ ಸಡಿಲಿಸಬಹುದು ಎಂದು. ಮಾತಿನಲ್ಲೂ ಹಾಗೇ ಬಿಡುತ್ತೇನೆ. ತಿಂಗಳ ಕೊನೆಯೊಳಗೆ ನೀನು ಅವರಿಗೆ ಉತ್ತರ ಹೇಳಬೇಕು ಎಂಬುದು ಮರೆತಿಲ್ಲ.

ಮರುದಿನ ಧೈರ್ಯ ಮಾಡಿ ‘ಗಂಡ ಹೆಂಡತಿ ಒಂದೇ ಊರಿನಲ್ಲಿರಬೇಕು’ ಎಂದು ಬರೆದೆ. ಯಾಕೆ? ಕಾಯಿಲೆ ಬಿದ್ದರೆ ನೋಡಿಕೊಳ್ಳಲು ಜನ ಬೇಕು. ಊಟಕ್ಕೆ ಎದುರಿಗೆ ಒಬ್ಬರು ಬೇಕು. ಹೇಳಿಕೊಳ್ಳಲು ಒಬ್ಬರು ಬೇಕು. ಮೊದಲನೆಯದಕ್ಕೆ ಪುರಾವೆ ಹುಡುಕಿದರೆ ಇಸ್ತ್ರಿಯವನು ಮಾತ್ರೆ ಹಿಡಿದು ನಿಂತಿದ್ದ, ಅದು ನನ್ನ ವಿರುದ್ಧವೇ ಸಾಕ್ಷಿ. ಉಳಿದೆರಡಕ್ಕೆ ಪುರಾವೆ ಬೇಕಾದಷ್ಟಿತ್ತು. ಈಗಲೂ ನನ್ನ ಕೈ ಇಬ್ಬರಿಗಾಗುವಷ್ಟೇ ಅಡುಗೆ ಮಾಡುತ್ತದೆ, ಉಳಿದದ್ದನ್ನು ಬೆಳಿಗ್ಗೆ ನಾನೇ ತಿನ್ನುತ್ತೇನೆ. ನಮ್ಮ ಬ್ಯಾಂಕಿನ ದಪ್ಪಣ್ಣ ಮೊನ್ನೆ ಬಂದು, ತನ್ನ ಸೊಂಟ ಬೆಳೆದಿಲ್ಲ, ನನ್ನ ಟೇಪೇ ಕುಗ್ಗಿದೆ ಎಂದು ಜಗಳವಾಡಿದ. ಅದನ್ನು ನಿನಗೆ ಹೇಳಬೇಕು ಎಂದು ಮನೆಯ ಬೀಗ ತೆಗೆಯುವವರೆಗೂ ನಗುತ್ತಾ ಬಂದೆ. ಒಳಗೆ ಹೋದ ಮೇಲೆ ಮನೆ ಬಿಕೋ ಎಂದಿತು. ಮೇಡಂ ಹಾಳೆ ಓದಿ ಮೆಲ್ಲಗೆ, “ಸಾರ್, ಇವು ಮೂರು ಕಾರಣ ಅಲ್ಲ, ಒಂದೇ ಕಾರಣಾನ ಮೂರು ಸಲ ಬರ್ದಿದೀರಿ” ಎಂದರು. ಹೌದು. ನೀನಿಲ್ಲದೆ ನಾನು ಒಂಟಿಯಾಗಿದ್ದೇನೆ, ಅಷ್ಟೇ. ಫೋನಿನಲ್ಲಿ ಇದು ಗಂಟಲು ದಾಟುವುದಿಲ್ಲ, ಅದಕ್ಕೇ ಕಾಗದ.

ಎದುರಾಳಿಯ ಮಾತನ್ನು ಅವರೇ ಓದಿ ‘ಹೌದು, ನಾನು ಹೇಳೋದೂ ಇದನ್ನೇ’ ಎನ್ನುವಂತೆ ಬರೆಯಬೇಕಂತೆ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಬರೆದೆ. ಇಷ್ಟು ವರ್ಷ ದುಡಿದ ಮೇಲೆ ಈಗ ಡಾಕ್ಟರುಗಳು ನಿನ್ನನ್ನು ಕೇಳಿ ಕೆಲಸ ಮಾಡುತ್ತಾರೆ. ಹೊಸದಾಗಿ ಬಂದ ನರ್ಸುಗಳು ನಿನ್ನ ಹಿಂದೆ ಹಿಂದೆ ಓಡಾಡಿ ಕಲಿಯುತ್ತಾರೆ. ಅದನ್ನು ಹೇಳುವಾಗ ನಿನ್ನ ದನಿಯೇ ಬೇರೆ, ನಮ್ಮ ಮದುವೆಯಾದ ಹೊಸತರಲ್ಲಿ ಕೇಳಿದ್ದ ದನಿ ಅದು. ನನ್ನ ಕಾರಣ ಅರ್ಧ ಪುಟಕ್ಕೆ ಮುಗಿದಿತ್ತು, ನಿನ್ನದು ಹಾಳೆಯ ಹಿಂಬದಿಗೂ ಹೋಯಿತು. ಇದಕ್ಕೇನು ಉತ್ತರ ಕೊಡಲಿ ಎಂದು ಪೆನ್ನು ಕಚ್ಚುತ್ತಾ ಕೂತಿದ್ದಾಗ ಮೇಡಂ ಬಗ್ಗಿ ನೋಡಿ ಕೇಳಿದರು: “ಒಂದೇ ಊರು ಅಂತೀರಲ್ಲ ಸಾರ್, ಯಾವ ಊರು? ಅದು ಈ ಊರೇ ಆಗ್ಬೇಕು ಅನ್ನೋಕೆ ನೀವು ಒಂದೂ ಕಾರಣ ಕೊಟ್ಟಿಲ್ಲ.”

ಆ ಹಾಳೆಯನ್ನು ಮಡಚಿ ತಂದು ಇಲ್ಲಿ ಮೇಜಿನ ಮೇಲೆ ಹರಡಿದ್ದೇನೆ. ರಜೆಯ ದಿನ, ಬಾಗಿಲು ಅರ್ಧ ಎಳೆದಿದೆ. ಬೀದಿಯಲ್ಲಿ ಯಾರೂ ಇಲ್ಲ.

ಹಿಮ್ಮಡಿಗೆ ಬಿಸಿನೀರು ಮರೆಯಬೇಡ. ನಿನ್ನ ಕೋಣೆಯ ಜೊತೆಗಾತಿಗೆ ನನ್ನ ನಮಸ್ಕಾರ ಹೇಳು. ಮೈ ಹುಷಾರು, ನಗುನಗುತ್ತಾ ಇರು.

ಇಂತಿ ನಿನ್ನ,
ಅಡ್ಡಗೋಡೆಯ ದೀಪ

ಮರೆತಿದ್ದೆ: ಲಕೋಟೆ ಅಂಟಿಸುವ ಮುಂಚೆ ಮೇಡಂ ಪ್ರಶ್ನೆಗೆ ಉತ್ತರ ಬರೆದುಬಿಟ್ಟೆ. ಊರು ನಿನ್ನದೇ. ನೀನು ಆ ಹೊಣೆ ಒಪ್ಪಿಕೋ. ಪರೀಕ್ಷೆ ಮುಗಿದ ಮೇಲೆ ಮಿಷನ್ ಬಿಚ್ಚಿ ಕಟ್ಟಿಕೊಂಡು ಹೊರಡುತ್ತೇನೆ. ಅಲ್ಲೂ ತರಬೇತಿ ಕೇಂದ್ರವಿದೆಯಂತೆ, ಇಲ್ಲದಿದ್ದರೂ ಆ ಊರಿನವರು ಬಟ್ಟೆಯನ್ನಂತೂ ಹಾಕಿಕೊಳ್ಳುತ್ತಾರಲ್ಲ. ಎಡಗಡೆಗೆ ಕಿಟಕಿ ಇರುವ ಸಣ್ಣ ಮನೆಯೊಂದನ್ನು ನೋಡಿಡು, ಹೊಲಿಯಲು ಬೆಳಕು ಬೇಕು. ಬರಲೋ ಬೇಡವೋ ಎಂದು ಕೇಳುತ್ತಿಲ್ಲ, ಬರುತ್ತೇನೆ ಎನ್ನುತ್ತಿದ್ದೇನೆ. ಎದುರು ಮಾತಿದ್ದರೆ ಬರೆ, ಅದಕ್ಕೊಂದು ಪ್ಯಾರಾ ಜಾಗವಿದೆ. ಅಲ್ಲಿಯವರೆಗೆ ಅಡುಗೆ ಇಬ್ಬರಿಗೇ ಮಾಡುತ್ತಿರುತ್ತೇನೆ, ಕೈಯಳತೆ ತಪ್ಪಬಾರದಲ್ಲ.