ಹೆಲ್ಮೆಟ್ ಪಟ್ಟಿಗೆ ಎರಡು ಹನಿ

ಜೂನ್ 4
ಗದ್ದದ ಮೇಲೆ ಇನ್ನೂ ಎರಡು ಮೊಡವೆ. ಅಕ್ಕ ಟವೆಲ್ ಕಿತ್ತುಕೊಂಡು ನೋಡಿದಳು. "ಒಳ್ಳೇ ಗುಡ್ಡಗಾಡು ಎಬ್ಬಿಸಿದೀಯ ಕಣೇ." ಅಮ್ಮನದು ಹಳೇ ರಾಗ — ಚಾಕೊಲೇಟು, ನಿದ್ದೆಗೇಡು. ಅಪ್ಪ ಮಾತ್ರ ಎಂದಿನಂತೆ ನನ್ನ ಹೆಲ್ಮೆಟ್ ಒರೆಸಿ ಕೊಟ್ಟು ಸ್ಕೂಟರ್ ಹತ್ತಿಸಿಕೊಂಡ. ಕಾಲೇಜಿನಲ್ಲಿ ದಿನವಿಡೀ ಮಾಸ್ಕ್. ಆಗಸ್ಟ್‌ನಲ್ಲಿ ಕ್ಲಾಸ್ ಫೋಟೊ... ಆ ದಿನ ಜ್ವರ ಬಂದರೆ ಸಾಕು.

ಜೂನ್ 9
ಚರ್ಮದ ಡಾಕ್ಟರಮ್ಮ ಬೈಯಲಿಲ್ಲ. "ಕೊಳೆಯಿಂದ ಬರೋದಲ್ಲ ಇದು. ಈ ವಯಸ್ಸಿಗೆ ಹಾರ್ಮೋನಿಂದ ಚರ್ಮದ ಜಿಡ್ಡು ಜಾಸ್ತಿಯಾಗಿ ರಂಧ್ರ ಕಟ್ಟಿಕೊಳ್ಳುತ್ತೆ." ರಾತ್ರಿ ತೆಳ್ಳಗೆ ಜೆಲ್. ಮುಖ ದಿನಕ್ಕೆ ಎರಡೇ ಸಲ ತೊಳೆಯಬೇಕು. ಚಿವುಟಬಾರದು. ಎರಡು ತಿಂಗಳ ತಾಳ್ಮೆ. ಆಮೇಲೆ ಗದ್ದ ಎತ್ತಿ ಹಿಡಿದು, "ಇಲ್ಲಿ ಮಾತ್ರ ಗೆರೆ ಎಳೆದ ಹಾಗಿದೆಯಲ್ಲ. ಏನು ತಾಗುತ್ತೆ?" ಹೊಳೆಯಲಿಲ್ಲ.

ಜೂನ್ 10, ಬೆಳಿಗ್ಗೆ
ಹೊಳೆಯಿತು. ಅಪ್ಪ ಲೋಹ ಕಡೆಯುವ ಲೇತ್ ವರ್ಕ್‌ಶಾಪಿನವನು. ಬಾಗಿಲ ಕೀಲು, ಕತ್ತರಿ, ಹೊಲಿಗೆ ಮಿಷನ್ — ಮನೆಯಲ್ಲಿ ಎಲ್ಲಕ್ಕೂ ಎಣ್ಣೆ ಹಾಕುತ್ತಾನೆ. ಇವತ್ತು ಕಣ್ಣಾರೆ ಕಂಡೆ, ನನ್ನ ಹೆಲ್ಮೆಟ್ಟಿನ ಪಟ್ಟಿಗೂ ಎರಡು ಹನಿ. "ಒರಟಾದ್ರೆ ಗದ್ದ ತರಚುತ್ತೆ ಪುಟ್ಟಿ." ಈಗ ಹೇಗೆ ಹೇಳಲಿ?

ಜೂನ್ 14
ಕಾಲೇಜಿನ ನಲ್ಲಿಯಲ್ಲಿ ಕದ್ದು ಪಟ್ಟಿಗೆ ಸೋಪು ಹಾಕಿ ಎಣ್ಣೆ ತೊಳೆಯುತ್ತಿದ್ದೇನೆ. ಅಪ್ಪನಿಗೆ ಅನುಮಾನ. "ಯಾಕೋ ಬೇಗ ಒಣಗ್ತಿದೆಯಲ್ಲ." ಇಂದು ನಾಲ್ಕು ಹನಿ ಹಾಕಿದ.

ಜೂನ್ 15
ಹೇಳಿಬಿಟ್ಟೆ. ಅಪ್ಪ ಎಣ್ಣೆ ಸವರುವ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. "ನಾನೇ ಮಾಡಿದ್ನಾ?" ಬರೀ ಎಣ್ಣೆಯಲ್ಲಪ್ಪ, ವಯಸ್ಸೂ ಕಾರಣ ಅಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಊಟದಿಂದ ಅರ್ಧಕ್ಕೇ ಎದ್ದ. ನನಗೆ ಅಳು ಬಂತು. ಇವನನ್ನು ನೋಯಿಸುವ ಬದಲು ಮೊಡವೆಯನ್ನೇ ಸಾಕಿಕೊಳ್ಳಬಹುದಿತ್ತು.

ಜೂನ್ 17
ಪಟ್ಟಿಗೆ ನೀಲಿ ಬಟ್ಟೆಯ ಕವಚ! ಅಪ್ಪನ ಅಚ್ಚುಮೆಚ್ಚಿನ ಹಳೇ ಅಂಗಿಯದು. ದಿನಾ ಒಗೆದು ಬದಲಿಸಲು ಇನ್ನಷ್ಟು ಹೊಲಿದಿಟ್ಟಿದ್ದಾನೆ. ಹೊಲಿಗೆಯೆಲ್ಲ ಸೊಟ್ಟ. "ಎಣ್ಣೆ ಹಾಕಿಲ್ಲ. ಬೇಕಾದ್ರೆ ಮೂಸಿ ನೋಡು."

ಜುಲೈ 20
ಜೆಲ್ಲಿಗೆ ಮೊದಮೊದಲು ಚರ್ಮ ಸುಲಿಯಿತು, ಅದು ತಾಗಿ ದಿಂಬಿನ ಕವರಿನ ಬಣ್ಣವೂ ಹೋಯಿತು. ಬಿಡಲಿಲ್ಲ. ಅಪ್ಪ ದಿನಾ ನನ್ನ ಗದ್ದವನ್ನು ಬೆಳಕಿಗೆ ತಿರುಗಿಸುತ್ತಾನೆ, ಲೇತಿನಿಂದ ಇಳಿಸಿದ ಬಿಡಿಭಾಗ ನೋಡುವಂತೆ. "ಫಿನಿಶಿಂಗ್ ಬರ್ತಾ ಇದೆ."

ಆಗಸ್ಟ್ 11, ಬೆಳಿಗ್ಗೆ
ಫೋಟೊ ಇವತ್ತು. ಎರಡು ಕಲೆ ಉಳಿದಿವೆ, ಒಂದು ಹೊಸದೂ ಎದ್ದಿದೆ. ಅಪ್ಪ ಸೋಪಿನಲ್ಲಿ ಕೈ ತೊಳೆದುಕೊಂಡೇ ಹೆಲ್ಮೆಟ್ ಮುಟ್ಟಿದ. "ನಂಗೂ ಒಂದು ಕಾಪಿ ತಗೋ. ವರ್ಕ್‌ಶಾಪಲ್ಲಿ ಹಾಕ್ತೀನಿ, ಕಣ್ಣೆದುರಿಗೇ." ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮಾಸ್ಕ್ ಮೇಜಿನ ಮೇಲಿದೆ. ಇರಲಿ, ಅಲ್ಲೇ—