ಸೋಮವಾರದ ಸ್ಯಾಂಡ್‌ವಿಚ್

ಕಾಕಾ, ನೀವು ಏನೇ ಅನ್ನಿ, ಅದೂ ಸ್ಯಾಂಡ್‌ವಿಚ್ಚೇ. ಯುಗಾದಿ ಆದ ವಾರದಲ್ಲೇ ತೀರಿಕೊಂಡುಬಿಟ್ಟಿರಿ, ಸರಿ. ಅಷ್ಟಕ್ಕೆ ನಾನು ವಾದ ಬಿಡ್ತೇನೆ ಅಂದುಕೊಂಡಿರಾ? ಎರಡು ಜೋಳದ ರೊಟ್ಟಿ, ನಡುವೆ ಬೀಟ್‌ರೂಟ್, ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಕಿತ್ತೂರಿನ ಹೈವೇ ಪಕ್ಕದ ನಿಮ್ಮ ಗಾಡಿಯಲ್ಲಿ ಶ್ರಾವಣದ ಸೋಮವಾರ ಮಾತ್ರ ಸಿಗುತ್ತಿತ್ತು. ಬೋರ್ಡಿನ ಮೇಲೆ ಟೋಸ್ಟ್, ಚೀಸ್, ಕ್ಲಬ್, ಬಾಂಬೆ ಮಸಾಲಾ ಎಲ್ಲಕ್ಕೂ ಜಾಗ ಇತ್ತು. ನಮ್ಮೂರಲ್ಲೇ ಹುಟ್ಟಿದ್ದಕ್ಕೆ ಮಾತ್ರ ಹೆಸರೂ ಇಲ್ಲ, ಜಾಗವೂ ಇಲ್ಲ.

ಅದು ಹುಟ್ಟಿದ ದಿನ ನಾನು ಶಾಲೆ ಮುಗಿಸಿಕೊಂಡು ನೇರ ನಿಮ್ಮ ಗಾಡಿಗೆ ಬಂದಿದ್ದೆ. ಸಂತೆಗೆ ಬಂದ ರೈತರು ನಿಮ್ಮ ಟೋಸ್ಟ್ ಮೂಸಿ ನೋಡಿ ಹೊರಟೇಬಿಟ್ಟರು. "ಬ್ರೆಡ್ಡಿನಾಗ ತತ್ತಿ ಇರತೈತ್ರಿ ಸಾಬ್ರ. ಇವತ್ತ ಶ್ರಾವಣ ಸೋಮಾರ." ನೀವು ಬೇಕರಿಯವನ ಮೇಲೆ ಆಣೆ ಹಾಕಿದರೂ ಅವರು ನಂಬಲಿಲ್ಲ. ಆಗ ನನ್ನ ಕಡೆ ತಿರುಗಿ, "ತಂಗಿ, ನಿಮ್ಮವ್ವನ ಕಡಿಂದ ನಾಕ ರೊಟ್ಟಿ ಇಸಗೊಂಡ ಬಾ, ಓಡು" ಅಂದಿರಿ. ನಾನು ಗಡಿಬಿಡಿಯಲ್ಲಿ ತಂದದ್ದು ಖಡಕ್ ರೊಟ್ಟಿ. ಟೋಸ್ಟ್ ಮಾಡುವ ಇಕ್ಕಳದಲ್ಲಿಟ್ಟು ಒತ್ತಿದ್ದೇ ತಡ, ಪುಡಿಪುಡಿ! ಪಟಗಾ ಸುತ್ತಿದ ಅಜ್ಜರೊಬ್ಬರು ಕೇಳಿದರು, "ಸಾಬ್ರ, ಇದನ್ನ ತಿನ್ನೂದೋ, ಕೋಳಿಗೆ ಹಾಕೂದೋ?" ಎಲ್ಲರಿಗಿಂತ ಜೋರಾಗಿ ನಕ್ಕವರು ನೀವೇ. ಮುಂದಿನ ಸೋಮವಾರ ಅವ್ವ ಬಿಸಿ ಬಿಸಿ ಮೆತ್ತನೆ ರೊಟ್ಟಿ ಬಡಿದು ಕೊಟ್ಟಳು. ಅದೇ ಅಜ್ಜರು ಎರಡು ತಿಂದು, ಮನೆಗೂ ಒಂದು ಕಟ್ಟಿಸಿಕೊಂಡು ಹೋದರು.

ಬೈಲಹೊಂಗಲದ ಕಾಲೇಜಿಗೆ ಸೇರಿದ ಮೇಲೆ ಸೈಬರ್ ಕೆಫೆಯೇ ನನ್ನ ಎರಡನೇ ಮನೆ ಆಯಿತು, ಗೊತ್ತಲ್ಲ? ತಿಂಡಿಪೋತರ ಚಾಟ್ ಗುಂಪಿನಲ್ಲಿ ಒಂದು ದಿನ ಸ್ಯಾಂಡ್‌ವಿಚ್ಚಿನ ಹುಟ್ಟಿನ ಮೇಲೆ ದೊಡ್ಡ ಜಗಳ ಎದ್ದಿತ್ತು. ನಿಮ್ಮ ರೊಟ್ಟಿಯದನ್ನು ಬರೆದೆ. ಬೆಂಗಳೂರಿನವನೊಬ್ಬ ತಕ್ಷಣ ಹಾಕಿದ: "ರೊಟ್ಟಿ ಮಧ್ಯ ಪಲ್ಯ ಇಟ್ರೆ ಅದು ಊಟ ಗುರು, ಸ್ಯಾಂಡ್‌ವಿಚ್ ಅಲ್ಲ." ಮೈ ಉರಿದುಹೋಯಿತು. ಕೆಫೆಯವರು ಟೈಮ್ ಆಯ್ತು ಅಂತ ಎಬ್ಬಿಸುವವರೆಗೂ ಬಿಡಲಿಲ್ಲ ಅವನನ್ನ.

ಮರುದಿನ ಓಡಿ ಬಂದು ನಿಮಗೆ ಎಲ್ಲ ಒಪ್ಪಿಸಿದೆ. ಇಂಗ್ಲೆಂಡಿನ ಒಬ್ಬ ಸಾಹೇಬ ಇಸ್ಪೀಟು ಬಿಟ್ಟು ಏಳಲಾರದೆ ಬ್ರೆಡ್ಡಿನ ನಡುವೆ ಮಾಂಸ ಇಡಿಸಿಕೊಂಡು ತಿಂದನಂತೆ. ಕ್ಲಬ್ ಸ್ಯಾಂಡ್‌ವಿಚ್ ಅಮೆರಿಕದ ಜೂಜಿನ ಕ್ಲಬ್ಬಿನದಂತೆ. ನೀವು ಲಾರಿ ಕ್ಲೀನರ್ ಆಗಿದ್ದಾಗ ಕಲಿತು ತಂದ ಬಾಂಬೆಯದು ಗಿರಣಿ ಕೂಲಿಗಳ ಹೊಟ್ಟೆಗಾಗಿ ಹುಟ್ಟಿದ್ದಂತೆ. ನೀವು ಕೆನ್ನೆ ಬಡಿದುಕೊಂಡಿರಿ. "ತೋಬಾ ತೋಬಾ! ಹಜ್‌ಗೆ ಹೋಗಬೇಕನ್ನಾಂವ ನಾ. ಇಷ್ಟ ವರ್ಷ ಜೂಜುಕೋರರ ತಿನಿಸ ಮಾರೇನೇನ?"

"ಅದಕ್ಕ ಹೇಳಾಕತ್ತೇನ್ರಿ ಕಾಕಾ. ನಿಮ್ಮದು ವ್ರತದ ದಿನ ಹುಟ್ಟಿದ್ದು. ಎಲ್ಲಾಕ್ಕಿಂತ ಮ್ಯಾಲೆ ಬರೀರಿ!"

ನಿಮ್ಮ ಮುಖ ಸಣ್ಣದಾಯಿತು. "ಬ್ಯಾಡವ್ವಾ. ಬ್ರೆಡ್ ಇಲ್ಲದ್ದಕ್ಕ ಸ್ಯಾಂಡ್‌ವಿಚ್ ಅಂತ ಬರದ್ರ ಇಲ್ಲಿ ಇಳಿಯೂ ಪುಣಾ ಬಸ್ಸಿನವರು ನಗತಾರ. ಇದ ಹಳ್ಳಿ ಮಂದಿಗೆ ಮಾಡಿದ ಅಡ್ಜಸ್ಟು." ಅಡ್ಜಸ್ಟು! ನಮ್ಮವ್ವ ಬಡಿದದ್ದು, ನೀವು ಜೋಡಿಸಿದ್ದು, ಊರು ಕಾದು ನಿಂತು ತಿಂದದ್ದು... ಆ ಸಾಹೇಬ ಮಾಡಿದ್ದೂ ಅಡ್ಜಸ್ಟೇ ಅಲ್ಲವಾ? ಅವನಿಗಿಲ್ಲದ ನಾಚಿಕೆ ನಿಮಗೇಕೆ?

ಈಗ ಸುದ್ದಿ ಕೇಳಿ. ಗಾಡಿ ಮಾರಿಲ್ಲ, ನಿಮ್ಮ ಮಗಳು ಶಾಹೀನಾ ನಡೆಸುತ್ತಿದ್ದಾಳೆ. ಹೋದ ಸೋಮವಾರ ಈ ಶ್ರಾವಣದ ಮೊದಲನೆಯದು. ನೀವು ಹೆದರುತ್ತಿದ್ದ ಪುಣೆ ಬಸ್ಸು ಬಂತು. ಕಪ್ಪು ಕನ್ನಡಕದವನೊಬ್ಬ ರೊಟ್ಟಿಯದನ್ನು ತೋರಿಸಿ ಇದೇನು ಅಂತ ಕೇಳಿದ. ಶಾಹೀನಾ, "ಸ್ಯಾಂಡ್‌ವಿಚ್" ಅಂದಳು. ಹೌದು ಕಾಕಾ, ಅವನು ನಕ್ಕ. ಗೆಳೆಯರನ್ನು ಕರೆದು ತೋರಿಸಿ ನಕ್ಕ, ಚೀಸ್ ಟೋಸ್ಟ್ ತಿಂದು ಹೋದ. ಶಾಹೀನಾಳ ಕಣ್ಣು ತುಂಬಿತ್ತು. ಸಮಾಧಾನ ಮಾಡೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಸಿಡಿದಳು. "ಅಬ್ಬಾ ಇದಕ್ಕ ಅಂಜತಿದ್ರು? ಇಷ್ಟಕ್ಕ? ನಕ್ಕರ ನಗಲಿ, ಅವನ ಹಲ್ಲ ಸವೀತಾವ. ಪೇಂಟರ್‌ನ ಕರಿ."

ಬರೆಸಿಬಿಟ್ಟೆವು. ಎಲ್ಲಕ್ಕಿಂತ ಮೇಲೆ, ಕ್ಲಬ್ಬಿಗಿಂತ ದಪ್ಪ ಅಕ್ಷರದಲ್ಲಿ: ಸೋಮವಾರದ ಸ್ಯಾಂಡ್‌ವಿಚ್, ಹುಟ್ಟಿದ ಊರು ಕಿತ್ತೂರು. ನಿಮ್ಮ ಮಾತು ಮೀರಿದ್ದೇವೆ, ಗೊತ್ತು. ಕ್ಷಮೆ ಕೇಳುವುದಿಲ್ಲ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಬರುವ ಸೋಮವಾರ ನೀವೇ ಬಂದು ಅಳಿಸಿ. ಬರ್ತೀರಾ, ಕಾಕಾ?